‘ಮ’ ಎಲ್ಲಿ ಹೋಯಿತು

೪ ಫೆಬ್ರವರಿ ೨೦೧೪

ತಂಗಿ,

ಈ ಕಾಗದದ ಜೊತೆ ರಟ್ಟಿನ ನಡುವೆ ಒಂದು ಡಿಸ್ಕ್ ಇದೆ. ‘ಬಿಸಿಲಿಗೆ ಇಡಬೇಡಿ, ಬೆರಳು ತಾಗಿಸಬೇಡಿ’ ಅಂತ ನೀನೇ ಅದರ ಮೇಲೆ ಕೆಂಪು ಪೆನ್ನಿನಲ್ಲಿ ಬರೆದಿದ್ದೀಯ. ಆ ಪೆನ್ನು ನನ್ನದು. ಇನ್ನೂ ವಾಪಸ್ ಬಂದಿಲ್ಲ.

ನೆನಪಿದೆ ತಾನೆ? ಪ್ರೆಸ್ಸಿನಲ್ಲಿ ಎರಡು ವರ್ಷ ಊಟದ ಬಿಡುವಿನಲ್ಲಿ ಕೂತು ನೀನು ಟೈಪ್ ಮಾಡಿಕೊಟ್ಟ ಪಟ್ಟಿ. ನನ್ನ ಹೆಂಡತಿ ಮನೆಯಲ್ಲಿ ಆಡುತ್ತಿದ್ದ ಮಾತುಗಳು, ಅವಳೇ ಕಟ್ಟಿಕೊಂಡ ಪದಗಳು. ಯಾವ ನಿಘಂಟಿನಲ್ಲೂ ಸಿಗದವು. ಅಕ್ಷರಕ್ಕೊಂದರಂತೆ ಫೈಲು ಮಾಡಿದ್ದೆ ನೀನು. ಡಿಸ್ಕ್ ಅವಳ ಬೀರುವಿನಲ್ಲೇ ಸಿಕ್ಕಿತು, ಸೀರೆಗಳ ನಡುವೆ. ಮಗ ಅದನ್ನು ತನ್ನ ಕಂಪ್ಯೂಟರಿಗೆ ಹಾಕಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚುಕ್ಕೆ, ಆವರಣ. “ಇದ್ಯಾವ ಭಾಷೆ ಅಪ್ಪಾ?” ಅಂದ. ನಿಮ್ಮಮ್ಮನ ಭಾಷೆ ಕಣೋ ಅಂದೆ. ನಕ್ಕುಬಿಟ್ಟ.

ಅವಳು ಹೋಗಿ ಮೂರು ವರ್ಷವಾಯಿತು. ಒಂದು ಫೋಟೋ ಇದೆ, ಅದರಲ್ಲೂ ಬಾಯಿ ಮುಚ್ಚಿಕೊಂಡಿದ್ದಾಳೆ. ದನಿ ಎಲ್ಲೂ ಉಳಿದಿಲ್ಲ. ಉಳಿದದ್ದು ಈ ಡಿಸ್ಕ್ ಮಾತ್ರ. ಮೂಲ ಚೀಟಿಗಳನ್ನು ಮನೆ ಬದಲಿಸುವಾಗ ರದ್ದಿಗೆ ಹಾಕಿದೆ. ನೀನು ಟೈಪ್ ಮಾಡಿದ ಮೇಲೆ ಇನ್ನೇನು ಭಯ ಅಂತ.

ಒಂದು ಸಣ್ಣ ಪುಸ್ತಕ ಮಾಡಿಸಬೇಕು. ಅವಳನ್ನು ಬಲ್ಲವರಿಗೆ ಕೊಡಲು. ಕರಡು ನಾನೇ ನೋಡುತ್ತೇನೆ, ಕಣ್ಣು ಇನ್ನೂ ಗಟ್ಟಿಯಾಗಿದೆ. ಫೋನ್ ಮಾಡಬೇಡ. ಫೋನಿನ ಮಾತಿಗೆ ತಿದ್ದುಪಡಿ ಇರುವುದಿಲ್ಲ.

ಇಂತಿ,
ಕೊಂಬು


೧೯ ಫೆಬ್ರವರಿ ೨೦೧೪

ಮೇಷ್ಟ್ರೇ,

ನಮಸ್ಕಾರ. ಪೆನ್ನು ಕೊಡುವುದಿಲ್ಲ. ಹದಿನೇಳು ವರ್ಷ ನಿಮ್ಮೆದುರು ಕೂತು ಬೈಸಿಕೊಂಡದ್ದಕ್ಕೆ ಅದೊಂದು ನನಗಿರಲಿ.

ಲಕೋಟೆಯ ಮೇಲೆ ನಿಮ್ಮ ಅಕ್ಷರ ನೋಡಿ ಇಲ್ಲಿ ಗ್ರಂಥಾಲಯದ ಕೌಂಟರಿನಲ್ಲೇ ನಿಂತು ನಕ್ಕೆ. ಊರೆಲ್ಲರ ಬರಹದಲ್ಲಿ ಬಿಟ್ಟುಹೋದ ಕೊಂಬು ಹುಡುಕಿ ಹಾಕಿದವರು ನೀವು. “ಮೇಷ್ಟ್ರಿಗೆ ಕೊಂಬು ಬಂದಿದೆ” ಅಂತ ಯಂತ್ರದವರು ಹಿಂದಿನಿಂದ ಹೇಳಿದಾಗ, “ಬಂದಿದ್ದಕ್ಕೇ ನಿಮ್ಮ ಮಾನ ಉಳಿದಿದೆ” ಅಂದಿದ್ದಿರಿ. ಇಲ್ಲಿ ಯಾರಿಗೂ ಅಡ್ಡಹೆಸರಿಲ್ಲ. ನನ್ನನ್ನು ಮೇಡಂ ಅನ್ನುತ್ತಾರೆ, ಯಾರನ್ನೋ ಕರೆದ ಹಾಗಿರುತ್ತದೆ.

ಡಿಸ್ಕ್ ಒಂದೇ ಒಂದು ಸಲ ಓದಿಸಿಕೊಂಡಿತು. ಆಮೇಲೆ ಎಷ್ಟು ಪೂಸಿ ಹೊಡೆದರೂ ಬಾಯಿ ಬಿಡಲಿಲ್ಲ. ಪುಣ್ಯಕ್ಕೆ ಆ ಒಂದು ಸಲದಲ್ಲೇ ಎಲ್ಲ ಫೈಲುಗಳನ್ನೂ ಇಳಿಸಿಕೊಂಡಿದ್ದೆ.

ನಿಮ್ಮ ಮಗನಿಗೆ ಕಂಡದ್ದು ತಪ್ಪಲ್ಲ. ನಮ್ಮ ಕಾಲದ ಫಾಂಟಿನಲ್ಲಿ ಇಂಗ್ಲಿಷ್ ಅಕ್ಷರಗಳಿಗೇ ಕನ್ನಡದ ವೇಷ ಹಾಕಿದ್ದರು. ಫಾಂಟು ಹೋಯಿತು, ವೇಷ ಕಳಚಿತು. ಈಗ ಒಂದು ಸ್ಕ್ರಿಪ್ಟ್ ಬರೆದಿದ್ದೇನೆ. ನಾಟಕದ್ದಲ್ಲ, ಕಂಪ್ಯೂಟರಿಗೆ ಬರೆದುಕೊಡುವ ಕೆಲಸದ ಚೀಟಿ. ಈ ಫೈಲು ತೆರೆ, ಸಾಲು ಸಾಲಾಗಿ ಓದು, ಅಕ್ಷರ ಬದಲಿಸು, ಆ ಫೈಲಿಗೆ ಬರೆ, ಮುಚ್ಚು. ಇಷ್ಟೇ. ಯಾಕೆ ತೆರೆಯುತ್ತಿದ್ದೇವೆ ಅನ್ನುವುದನ್ನು ಒಂದಕ್ಷರದಲ್ಲಿ ಹೇಳಬೇಕು. ‘ಆರ್’ ಅಂದರೆ ಓದಲು ಮಾತ್ರ. ‘ಡಬ್ಲ್ಯೂ’ ಅಂದರೆ ಹೊಸದಾಗಿ ಬರೆಯಲು. ಮೊದಲು ಅಲ್ಲಿ ಏನಿದ್ದರೂ ಕೇಳದೆ ಅಳಿಸಿಬಿಡುತ್ತದೆ, ಕಟ್ಟಿಟ್ಟ ಪುಟದ ಅಚ್ಚುಮೊಳೆಗಳನ್ನೆಲ್ಲ ಬಿಚ್ಚಿ ಖಾನೆಗೆ ಸುರಿದ ಹಾಗೆ. ‘ಎ’ ಅಂದರೆ ಇದ್ದದ್ದನ್ನು ಮುಟ್ಟದೆ ಕೊನೆಗೆ ಸೇರಿಸಲು.

ಮೊದಲ ಸಲ ಓಡಿಸಿದಾಗ ಏನಾಯಿತು ಗೊತ್ತೇ? ನನ್ನ ಹಳೆಯ ಶತ್ರು ಎದುರಿಗೆ ಬಂದು ನಿಂತಿತು. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತನ್ನು ಅಕ್ಷರ ಆದಮೇಲೆ ಒತ್ತುತ್ತಿದ್ದೆವಲ್ಲ, ಸ್ಕ್ರಿಪ್ಟ್ ಅದನ್ನು ಹಾಗೇ ಓದಿತು. ‘ವರ್ಷದ’ ಅನ್ನುವುದು ‘ವಷರ್ದ’ ಆಯಿತು. ‘ಕುರ್ಚಿಯ’ ಅನ್ನುವುದು ‘ಕುಚಿರ್ಯ’. ಪ್ರತಿ ಅರ್ಕಾವೊತ್ತೂ ಒಂದು ಮನೆ ಮುಂದೆ ಹೋಗಿ ಕೂತಿದೆ. ನಾನು ಕೆಲಸಕ್ಕೆ ಸೇರಿದ ವಾರ ಇದೇ ತಪ್ಪು ಮಾಡಿ ನಿಮ್ಮಿಂದ ಹೆಸರು ಪಡೆದದ್ದು. ಈಗ ಎಲ್ಲವನ್ನೂ ಒಂದು ಮನೆ ಹಿಂದಕ್ಕೆ ಕರೆಸುವ ಸಾಲುಗಳನ್ನು ಸೇರಿಸಿದ್ದೇನೆ. ‘ಅ’ದಿಂದ ‘ಔ’ವರೆಗಿನ ಕರಡು ಇದರೊಂದಿಗಿದೆ.

ನಿಮ್ಮ,
ಅರ್ಕಾವೊತ್ತು


೮ ಮಾರ್ಚ್ ೨೦೧೪

ತಂಗಿ,

ಬಂತು. ಎರಡು ತಪ್ಪು: ಮೂರನೇ ಪುಟದಲ್ಲಿ ಒಂದು ಕೊಂಬು ಬಿದ್ದಿದೆ, ಐದರಲ್ಲಿ ಪೂರ್ಣವಿರಾಮ ಎರಡು ಸಲ. ಉಳಿದದ್ದು ಸರಿ. ಕೈ ಕೆಟ್ಟಿಲ್ಲ ನಿನ್ನದು.

‘ಆರುಮೂಲೆ: ಸೋಫಾದ ಕೆಳಗೆ, ಕಪಾಟಿನ ಹಿಂದೆ, ಯಾರ ಪೊರಕೆಯೂ ತಲುಪದ ಜಾಗ.’ ಇದನ್ನು ಓದಿದಾಗ ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತದ್ದು ಕಂಡಿತು. ಎಷ್ಟು ಹೊತ್ತು ಆ ಪುಟ ಹಿಡಿದು ಕೂತಿದ್ದೆನೋ, ಕಾಫಿ ಆರಿಹೋಯಿತು.

ಇಲ್ಲಿ ದಿನ ಉದ್ದ. ಪ್ರೆಸ್ಸಿನ ನಮ್ಮ ಮೇಜು ಬಹಳ ನೆನಪಾಗುತ್ತದೆ. ಒಂದೇ ಫ್ಯಾನು, ಅದರ ಗಾಳಿಗೆ ಹಾರುವ ಕರಡುಗಳ ಮೇಲೆ ಸೀಸದ ಗಟ್ಟಿ, ಗೋಡೆಯಾಚೆ ಯಂತ್ರದ ಧಡ್ ಧಡ್. ನಾನು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುವುದು, ಅಲ್ಪವಿರಾಮ ಪೂರ್ಣವಿರಾಮ ಎಲ್ಲವನ್ನೂ ಬಾಯಲ್ಲಿ ಹೇಳುತ್ತ. ನೀನು ಕರಡಿನ ಮೇಲೆ ಬೆರಳಿಟ್ಟು ನೋಡುವುದು. ಒಂದು ಗಂಟೆಗೆ ಅವಳು ಡಬ್ಬಿ ಹಿಡಿದು ಬಂದು ಬಾಗಿಲಲ್ಲೇ ನಿಲ್ಲುವಳು. ಒಳಗೆ ಬಾ ಅಂದರೆ, “ಬೇಡಪ್ಪ, ಅಲ್ಲಿ ಬಾಯಿ ಬಿಟ್ರೆ ತಿದ್ದಿಬಿಡ್ತಾರೆ” ಅನ್ನುವಳು. ಎಲ್ಲರೂ ನಗುತ್ತಿದ್ದಿರಿ. ನಾನೂ ನಗುತ್ತಿದ್ದೆ. ಅದು ತಮಾಷೆಯಾಗಿರಲಿಲ್ಲ. ಯಾವತ್ತಾದರೂ ಹೇಳುತ್ತೇನೆ.

ಮುಂದಿನದನ್ನು ಬೇಗ ಕಳಿಸು.

ಕೊಂಬು


೩೦ ಮಾರ್ಚ್ ೨೦೧೪

ಮೇಷ್ಟ್ರೇ,

‘ಕ’ದಿಂದ ‘ಭ’ವರೆಗೆ ಎಲ್ಲ ಇದೆ. ಒಟ್ಟು ಎಪ್ಪತ್ತೊಂದು ಪುಟ. ಸ್ಕ್ರಿಪ್ಟ್ ಈಗ ನನ್ನ ಮಾತು ಕೇಳುತ್ತಿದೆ. ಹೆಮ್ಮೆಯಿಂದ ಪಕ್ಕದ ಮೇಜಿನ ಕ್ಯಾಟಲಾಗಿನವರಿಗೆ ತೋರಿಸಿದೆ. ಅವರು ‘ಬೆಚ್ಚಗಿನ ಸುಳ್ಳು: ಇನ್ನೊಬ್ಬರ ಮನಸ್ಸು ನೋಯದಿರಲಿ ಅಂತ ಹೇಳುವುದು. ಆದರೆ ಆರುವ ಮೊದಲು ನಿಜ ಹೇಳಿಬಿಡಬೇಕು’ ಅನ್ನುವುದನ್ನು ಓದಿ ಪುಸ್ತಕ ಬಂದರೆ ತಮಗೊಂದು ಬೇಕು ಅಂದರು.

ಒಂದು ಮಾತು. ನಿಮ್ಮ ಕಳೆದ ಕಾಗದದ ಸಾಲುಗಳು ಒಂದರ ಮೇಲೊಂದು ಹತ್ತಿವೆ. ಬಸ್ಸಿನಲ್ಲಿ ಕೂತು ಬರೆದಿರಾ?

ಅರ್ಕಾವೊತ್ತು


೨೨ ಏಪ್ರಿಲ್ ೨೦೧೪

ತಂಗಿ,

ತಪ್ಪಿಲ್ಲ. ಎಲ್ಲ ನೋಡಿದೆ.

ಮೇಜಿನ ಒಂದು ಕಾಲು ಗಿಡ್ಡ, ಅದಕ್ಕೇ ಸಾಲು ಜಾರುತ್ತದೆ. ಕೆಳಗೆ ರಟ್ಟು ಇಡಬೇಕು.

ಇನ್ನು ‘ಮ’ ತಾನೆ. ಅವಳ ಒಳ್ಳೊಳ್ಳೆಯ ಮಾತೆಲ್ಲ ‘ಮ’ದಲ್ಲೇ ಇವೆ. ನಲವತ್ತಮೂರು, ಎಣಿಸಿಟ್ಟಿದ್ದೇನೆ. ಅದಕ್ಕೆ ಕಾಯುತ್ತಿದ್ದೇನೆ, ಸುಳ್ಳೇಕೆ ಹೇಳಲಿ.

ಕೊಂಬು


೧೭ ಮೇ ೨೦೧೪

ಪೂಜ್ಯ ಮೇಷ್ಟ್ರಿಗೆ,

ನಮಸ್ಕಾರಗಳು. ‘ಯ’ದಿಂದ ‘ಹ’ವರೆಗಿನ ಪುಟಗಳನ್ನು ಕಳಿಸಿದ್ದೇನೆ. ‘ಮ’ ಸ್ವಲ್ಪ ತಡವಾಗುತ್ತದೆ, ಅಕ್ಷರಗಳು ಕಗ್ಗಂಟಾಗಿವೆ. ಇಲ್ಲಿ ಕಪಾಟುಗಳನ್ನು ಬದಲಾಯಿಸುತ್ತಿದ್ದಾರೆ, ಕೆಲಸ ಬಹಳ.

ಆರೋಗ್ಯ ನೋಡಿಕೊಳ್ಳಿ.

ಇತಿ ತಮ್ಮ ವಿಶ್ವಾಸಿ


೯ ಜೂನ್ ೨೦೧೪

ತಂಗಿ,

ತಪ್ಪಿಲ್ಲ.

‘ಪೂಜ್ಯ’ ಅಂತ ಬರೆದಿದ್ದೀಯ. ಹದಿನೇಳು ವರ್ಷದಲ್ಲಿ ನನ್ನನ್ನು ಏನೇನೋ ಅಂದಿದ್ದೀಯ, ಪೂಜ್ಯ ಒಂದು ಅಂದಿರಲಿಲ್ಲ. ನಿನಗೆ ಈ ಕೆಲಸ ಸಾಕಾಗಿದ್ದರೆ ಹಾಗಂತ ಹೇಳು. ಬೇರೆಯವರ ಮನೆಯ ಮಾತು, ಬೇರೆಯವರ ಹೆಂಡತಿ. ನಿನಗೂ ನಿನ್ನ ಬದುಕಿದೆ. ನನಗೆ ಬೇಸರವಿಲ್ಲ.

ಆದರೆ ‘ಮ’ ಎಲ್ಲಿ?

ಕೊಂಬು


೨೮ ಜುಲೈ ೨೦೧೪

ಮೇಷ್ಟ್ರೇ,

ಐದು ಸಲ ಬರೆದು ಹರಿದಿದ್ದೇನೆ. ಇದನ್ನು ತಿದ್ದದೆ ಹಾಗೇ ಅಂಚೆ ಡಬ್ಬಿಗೆ ಹಾಕುತ್ತೇನೆ.

‘ಮ’ ಇಲ್ಲ. ನಾನೇ ಅಳಿಸಿಬಿಟ್ಟೆ.

ಏಪ್ರಿಲ್ ಕೊನೆಯ ವಾರ. ಪ್ರತಿ ಫೈಲಿಗೂ ಎರಡು ಹೆಸರು ಕೊಡಬೇಕು, ಓದುವುದಕ್ಕೆ ಹಳೆಯದು, ಬರೆಯುವುದಕ್ಕೆ ಹೊಸದು. ಆವತ್ತು ಎರಡೂ ಕಡೆ ಹಳೆಯದರ ಹೆಸರನ್ನೇ ಹೊಡೆದಿದ್ದೇನೆ. ‘ಡಬ್ಲ್ಯೂ’ ಹಾಕಿ ತೆರೆದ ಕೂಡಲೇ ನಲವತ್ತಮೂರು ಮಾತೂ ಹೋದವು. ಯಂತ್ರ ತಪ್ಪು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ತೆರೆದು ನೋಡಿದರೆ ಫೈಲಿನಲ್ಲಿ ಒಂದಕ್ಷರವೂ ಇಲ್ಲ. ನಕಲು ಇಟ್ಟುಕೊಳ್ಳಬೇಕಿತ್ತು. ಇಟ್ಟಿರಲಿಲ್ಲ. ಡಿಸ್ಕನ್ನು ಮೂರು ಅಂಗಡಿಗೆ ಹೊತ್ತುಕೊಂಡು ಹೋದೆ, ಯಾರ ಕೈಯಲ್ಲೂ ಆಗಲಿಲ್ಲ. ನಾನೇ ಟೈಪ್ ಮಾಡಿದವಳು, ನೆನಪಿಗೆ ಬಂದದ್ದು ಆರೇಳು ಪದ ಮಾತ್ರ. ಅಕ್ಕ ಬಾಗಿಲಲ್ಲಿ ನಿಂತದ್ದು ಕಣ್ಣಿಗೆ ಕಟ್ಟಿದ ಹಾಗಿದೆ, ಮಾತು ಮಾತ್ರ ಬರುತ್ತಿಲ್ಲ. ಅತ್ತುಬಿಟ್ಟೆ ಮೇಷ್ಟ್ರೇ, ಕೆಲಸದ ಜಾಗ ಅಂತಲೂ ನೋಡದೆ. ನಿಮಗೆ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಆ ‘ಪೂಜ್ಯ’.

ಇನ್ನೊಂದು. ಅದಾದ ಮೇಲೆ ಹೊಸ ಸ್ಕ್ರಿಪ್ಟ್ ಮುಟ್ಟಲು ಹೆದರಿ ಮೊದಲು ಬರೆದಿದ್ದನ್ನೇ ಓಡಿಸಿದೆ. ಅದರಲ್ಲಿ ಅರ್ಕಾವೊತ್ತು ಸರಿಮಾಡುವ ಸಾಲುಗಳಿರಲಿಲ್ಲ. ಹಾಗಾಗಿ ‘ಯ’ದಿಂದ ‘ಹ’ವರೆಗೆ ‘ವಷರ್ದ’ ಇದೆ, ‘ಕುಚಿರ್ಯ’ ಇದೆ. ಹೋದ ವಾರ ಎಣಿಸಿದೆ, ಇಪ್ಪತ್ತಾರು ಕಡೆ. ನೀವು ‘ತಪ್ಪಿಲ್ಲ’ ಅಂತ ಬರೆದಿದ್ದೀರಿ.

ಮೊದಲು ಅಂದುಕೊಂಡೆ, ನನ್ನ ಮೇಲೆ ಮುನಿಸಿಕೊಂಡು ನೋಡದೆಯೇ ಕಳಿಸಿದ್ದಾರೆ ಅಂತ. ಆಮೇಲೆ ನಿಮ್ಮ ಕಾಗದಗಳನ್ನೆಲ್ಲ ಸಾಲಾಗಿ ಇಟ್ಟು ನೋಡಿದೆ. ಜಾರುವ ಸಾಲು, ಒಂದರ ಮೇಲೊಂದು ಕೂತ ಪದ. ಆ ಗಿಡ್ಡ ಕಾಲಿನ ಮೇಜು. ಎದುರಿಗೆ ಬಂದ ಅರ್ಕಾವೊತ್ತನ್ನು ಬಿಟ್ಟುಕೊಡುವ ಮನುಷ್ಯರಲ್ಲ ನೀವು, ಮುನಿದರೂ.

ಮೇಷ್ಟ್ರೇ, ನಿಮಗೆ ಕಣ್ಣು ಕಾಣಿಸುತ್ತಿಲ್ಲ ಅಲ್ಲವೇ?

ಅರ್ಕಾವೊತ್ತು


೬ ಆಗಸ್ಟ್ ೨೦೧೪

ತಂಗಿ ಅಲ್ಪವಿರಾಮ ನೀನು ಬರೆದದ್ದನ್ನು ಸೊಸೆ ಓದಿ ಹೇಳಿದಳು ಪೂರ್ಣವಿರಾಮ ಎರಡು ಸಲ ಓದಿಸಿದೆ ಪೂರ್ಣವಿರಾಮ ಇದನ್ನೂ ಅವಳೇ ಬರೆಯುತ್ತಿದ್ದಾಳೆ ಅಲ್ಪವಿರಾಮ ನಾನು ಹೇಳಿದ್ದನ್ನು ಒಂದಕ್ಷರವೂ ತಿದ್ದಬಾರದು ಅಂತ ತಾಕೀತು ಮಾಡಿದ್ದೇನೆ ಪೂರ್ಣವಿರಾಮ ಏನಮ್ಮಾ ನಗುತ್ತಿದ್ದೀಯಾ ಪ್ರಶ್ನಾರ್ಥಕ ಅಯ್ಯೋ ಅದನ್ನೂ ಬರೆದೆಯಾ

ಕ್ಷಮಿಸು. ಈಗ ಹೇಳಿಕೊಟ್ಟಿದ್ದೇನೆ. ಇನ್ನು ಚಿಹ್ನೆಗಳು ಚಿಹ್ನೆಗಳಾಗಿಯೇ ಬರುತ್ತವೆ. ಮೇಲಿನದನ್ನು ಹೊಡೆದು ಹಾಕು ಅಂದರೆ, “ತಿದ್ದಬಾರದು ಅಂತ ನೀವೇ ಹೇಳಿದ್ರಲ್ಲ ಮಾವ” ಅನ್ನುತ್ತಾಳೆ.

ಹೌದು, ಕಾಣಿಸುತ್ತಿಲ್ಲ. ಹೋದ ವರ್ಷದಿಂದ ಅಂಚಿನಿಂದ ಮಬ್ಬಾಗುತ್ತ ಬಂತು, ಏಪ್ರಿಲ್ ಹೊತ್ತಿಗೆ ಪುಟದ ಮೇಲಿನ ದೊಡ್ಡ ಅಕ್ಷರ ಬಿಟ್ಟರೆ ಏನೂ ಇಲ್ಲ. ಇನ್ನು ಸರಿಯಾಗುವುದಿಲ್ಲ ಅಂದಿದ್ದಾರೆ ವೈದ್ಯರು. ಮೊದಲ ಕರಡನ್ನು ಭೂತಗನ್ನಡಿ ಹಿಡಿದು ಒಂಬತ್ತು ದಿನ ಓದಿದೆ. ಅದೇ ಕೊನೆಯದು. ಆಮೇಲೆ ನಿನ್ನ ಕಾಗದಗಳನ್ನು ಸೊಸೆಯಿಂದ ಓದಿಸಿಕೊಂಡೆ, ಕರಡನ್ನು ಮಾತ್ರ ಯಾರ ಕೈಗೂ ಕೊಡಲಿಲ್ಲ. ನಿನಗೆ ಹೇಳಿದರೆ ಕರಡನ್ನು ಬೇರೆಯವರಿಗೆ ಕಳಿಸಿಬಿಡುತ್ತೀಯ ಅನ್ನಿಸಿತು. ಜೀವಮಾನವೆಲ್ಲ ಮಾಡಿದ ಒಂದೇ ಕೆಲಸ, ಅದೂ ಅವಳ ಪುಸ್ತಕಕ್ಕೆ. ನೋಡದೆ ‘ತಪ್ಪಿಲ್ಲ’ ಅಂತ ಬರೆದ ದಿನ ನನಗೆ ಊಟ ಸೇರಲಿಲ್ಲ.

ಇಬ್ಬರ ಸುಳ್ಳೂ ಬೆಚ್ಚಗಿತ್ತು. ಆರುವ ಮೊದಲೇ ನೀನು ನಿಜ ಹೇಳಿದೆ. ಅವಳಿದ್ದಿದ್ದರೆ ನಿನ್ನ ಪರ ನಿಲ್ಲುತ್ತಿದ್ದಳು.

ಈಗ ನಾನು ಹೇಳದೆ ಬಿಟ್ಟದ್ದು. ಮದುವೆಯಾದ ಹೊಸತು, ಮನೆಗೆ ನೆಂಟರು ಬಂದಿದ್ದರು. ಅವಳು ಏನೋ ಹೇಳುತ್ತಿದ್ದಳು, ಖುಷಿಯಾಗಿ, ಕೈ ಆಡಿಸುತ್ತ. ನಡುವೆ ನಾನು, “ಹಾಗಲ್ಲ, ಆ ಪದವೇ ಇಲ್ಲ” ಅಂತ ತಿದ್ದಿದೆ. ಎಲ್ಲರೂ ನಕ್ಕರು. ಅವಳು ಹನ್ನೊಂದು ದಿನ ನನ್ನೆದುರು ಬಾಯಿ ತೆರೆಯಲಿಲ್ಲ. ಹನ್ನೆರಡನೆಯ ದಿನ ಚಹಾ ಲೋಟವನ್ನು ಟಕ್ ಅಂತ ಇಟ್ಟು, “ತಗೊಳ್ಳಿ, ಮುನಿಸುಚಹಾ” ಅಂದಳು. ಆವತ್ತೇ ಆ ಪದವನ್ನು ಒಂದು ಕರಡಿನ ಹಿಂದೆ ಬರೆದಿಟ್ಟುಕೊಂಡೆ. ಆಮೇಲೆ ಅವಳ ಒಂದು ಮಾತನ್ನೂ ತಿದ್ದಲಿಲ್ಲ, ಬರೆದುಕೊಂಡೆ ಅಷ್ಟೇ.

ಹಾಗಾಗಿ ‘ಮ’ ಎಲ್ಲೂ ಹೋಗಿಲ್ಲ ತಂಗಿ. ಅದು ಶುರುವಾದದ್ದೇ ‘ಮ’ದಿಂದ, ಅದೇ ನನಗೆ ಬಾಯಿಪಾಠ. ಅಳಬೇಡ. ಬರೆದುಕೋ.

ಮರುಬಾಗಿಲು: ಹೊರಟವರು ಮರೆತದ್ದಕ್ಕೆ ವಾಪಸ್ ಬರುವುದು. ನಾನು ದಿನಕ್ಕೆರಡು.

ಮಳೆಮೋಸ: ಒಗೆದ ಬಟ್ಟೆ ಎತ್ತಿಸಿ, ಬಾರದೇ ಹೋಗುವ ಮೋಡ.

ಮುಖತೊಳೆದ ಮನೆ: ಹೊಸದಾಗಿ ಸುಣ್ಣ ಬಳಿದದ್ದು.

ಮೂಗುಸವಾರ: ಕನ್ನಡಕ. ಪ್ರೆಸ್ಸಿನಿಂದ ಬಂದಾಗಲೆಲ್ಲ ಒಳಗಿನಿಂದಲೇ, “ಮೂಗುಸವಾರ ಬಂತಾ?” ಅಂತ ಕೇಳುತ್ತಿದ್ದಳು, ಎಲ್ಲೋ ಬಿಟ್ಟು ಬಂದೆನೇನೋ ಅಂತ. ನಾನು ಮುಟ್ಟಿ ನೋಡಿಕೊಂಡು ಬಂತು ಅನ್ನುತ್ತಿದ್ದೆ.

ಉಳಿದದ್ದು ಹಿಂದಿನ ಹಾಳೆಗಳಲ್ಲಿ. ಸೊಸೆಯ ಕೈ ನೋಯುತ್ತಿದೆ, ಆದರೂ ಬಿಡುತ್ತಿಲ್ಲ. ಅತ್ತೆ ಇಷ್ಟೆಲ್ಲ ಮಾತಾಡ್ತಿದ್ರಾ ಅಂತ ಕೇಳುತ್ತಾಳೆ.

ಕೊಂಬು


೨೫ ಆಗಸ್ಟ್ ೨೦೧೪

ಮೇಷ್ಟ್ರೇ,

ಹಾಳೆಗಳನ್ನು ಮಡಿಲಲ್ಲಿಟ್ಟುಕೊಂಡು ಎರಡು ಸಲ ಓದಿದೆ.

ಹೊಸ ಫೈಲು ಮಾಡಿದ್ದೇನೆ. ಈ ಸಲ ‘ಎ’. ಒಂದೊಂದು ಮಾತನ್ನೂ ಕೊನೆಗೆ ಸೇರಿಸಿ, ಪ್ರತಿ ಸಲವೂ ಮುಚ್ಚಿ, ಮತ್ತೆ ತೆರೆದು ಓದಿ ನೋಡಿ, ಮೂರು ಕಡೆ ನಕಲು ಇಟ್ಟಿದ್ದೇನೆ. ನಲವತ್ತಮೂರೂ ಇವೆ. ಅರ್ಕಾವೊತ್ತುಗಳೆಲ್ಲ ತಮ್ಮ ತಮ್ಮ ಮನೆಗೆ ಬಂದಿವೆ.

ಆದರೆ ಒಂದು ತಪ್ಪು ಉಳಿದಿದೆ, ನಿಮ್ಮದು. ಹದಿನೇಳು ವರ್ಷ ನನ್ನ ತಪ್ಪು ಹಿಡಿದವರ ತಪ್ಪನ್ನು ಹಿಡಿಯಲು ಸಂಕೋಚ. ಆದರೂ ನಿಮ್ಮ ಕೆಂಪು ಪೆನ್ನು ನನ್ನ ಹತ್ತಿರವೇ ಇದೆಯಲ್ಲ.

ಮೂಗುಸವಾರ ಅಂದರೆ ಕನ್ನಡಕ ಅಲ್ಲ, ಮೇಷ್ಟ್ರೇ.

ಡಬ್ಬಿ ಹಿಡಿದು ಬಂದಾಗ ನೀವು ಒಳಗೆ ಪ್ರೆಸ್ಸಿನ ಯಜಮಾನರ ಕೋಣೆಯಲ್ಲಿದ್ದರೆ ಅಕ್ಕ ನನ್ನನ್ನು ಕೇಳುತ್ತಿದ್ದರು, “ಎಲ್ಲಮ್ಮಾ ನಮ್ಮ ಮೂಗುಸವಾರ?” ಅಂತ. ಯಾರ ಮಾತು ಬಂದರೂ ಮೂಗಿನ ಮೇಲೆ ಏರಿ ಕೂತು ತಪ್ಪು ನೋಡುವವರು, ಅದಕ್ಕೆ ಆ ಹೆಸರು. ಒಂದು ದಿನ ಅದು ನಿಮ್ಮ ಕಿವಿಗೆ ಬಿತ್ತಂತೆ, ಹಾಗಂದರೆ ಏನು ಅಂತ ಕೇಳಿದಿರಂತೆ. ಅವರು ಗಾಬರಿಯಲ್ಲಿ ಕನ್ನಡಕ ತೋರಿಸಿದರಂತೆ. ನೀವು ಕೂಡಲೇ ಚೀಟಿ ತೆಗೆದು ಬರೆದುಕೊಂಡಿರಂತೆ. ಅದನ್ನು ಹೇಳಿ ಅವರು ನಕ್ಕ ನಗು ಈಗಲೂ ಕೇಳಿಸುತ್ತದೆ. “ಹೇಳ್ಬೇಡ ಕಣೆ, ಅವ್ರ ಚೀಟೀಲಿ ಒಂದು ತಪ್ಪಾದ್ರೂ ತಿದ್ದದೇ ಉಳೀಲಿ” ಅಂದಿದ್ದರು. ಟೈಪ್ ಮಾಡುವಾಗ ತುಟಿ ಕಚ್ಚಿಕೊಂಡು ‘ಕನ್ನಡಕ’ ಅಂತಲೇ ಹೊಡೆದೆ.

ಅವರದು ಬೆಚ್ಚಗಿನ ಸುಳ್ಳು. ಆರುವ ಮೊದಲು ನಿಜ ಹೇಳಬೇಕಾದ್ದು ನನ್ನ ಪಾಲಿಗೆ ಬಂತು. ಅರ್ಥ ಬದಲಿಸಲೇ, ಹಾಗೇ ಬಿಡಲೇ, ನೀವು ಹೇಳಿದಂತೆ.

ಮುಂದಿನ ತಿಂಗಳು ಒಂದು ವಾರ ರಜೆ ಹಾಕಿ ಬರುತ್ತಿದ್ದೇನೆ. ಪೂರ್ತಿ ಕರಡನ್ನು ನಾನು ಗಟ್ಟಿಯಾಗಿ ಓದುತ್ತೇನೆ, ಅಲ್ಪವಿರಾಮ ಪೂರ್ಣವಿರಾಮ ಸಮೇತ. ನೀವು ಕೇಳಿಸಿಕೊಂಡು ತಪ್ಪು ಹಿಡಿಯಿರಿ.

ಅರ್ಕಾವೊತ್ತು


೨ ಸೆಪ್ಟೆಂಬರ್ ೨೦೧೪

ತಂಗಿ,

ಇದು ನನ್ನದೇ ಕೈ. ಸಾಲು ಹತ್ತಿದ್ದರೆ ಬಿಡಿಸಿ ಓದಿಕೋ. ಸೊಸೆಯ ಎದುರು ಇದನ್ನು ಹೇಳಲಾಗಲಿಲ್ಲ.

ಅಷ್ಟು ವರ್ಷ ಅವಳು ದಿನಾ ಸಂಜೆ ನನ್ನನ್ನೇ ಕರೆದಳು. ನಾನು ಕನ್ನಡಕ ಮುಟ್ಟಿ ನೋಡಿಕೊಂಡೆ.

ತಿದ್ದುಪಡಿ ಒಪ್ಪಿದೆ. ಅಚ್ಚಿಗೆ ಹೋಗಲಿ. ಬೇಗ ಬಾ.

ಇಂತಿ,
ಮೂಗುಸವಾರ